ಬೆಳಗಾಗಲಿ ಎಂದು ಕಾಯುವ ಹೊತ್ತು

(ಕೊಡಗಿನ ಸ್ತ್ರೀಶಕ್ತಿ ಗುಂಪುಗಳ ಸದಸ್ಯೆಯರ ಸಭೆಯಲ್ಲಿ ಆಡಿದ ಮಾತುಗಳ ಬರಹ ರೂಪ)



ಉಳಿತಾಯದ ಲೆಕ್ಕ, ಸಾಲದ ಕಂತು ಎಲ್ಲ ಮುಗಿದ ಮೇಲೆ ನನ್ನನ್ನು ಮಾತಿಗೆ ಕರೆದಿದ್ದೀರಿ. ಕತ್ತಲಾಗುವ ಮೊದಲು ತೋಟದ ದಾರಿ ಹಿಡಿಯಬೇಕಾದವರು ಇಲ್ಲಿ ಬಹಳ ಮಂದಿ ಇದ್ದೀರಿ. ಆದ್ದರಿಂದ ನೇರವಾಗಿ ವಿಷಯಕ್ಕೆ ಬರುತ್ತೇನೆ. ನಾನು ನರ್ಸ್ ಕೆಲಸ ಮಾಡಿ ನಿವೃತ್ತಳಾದವಳು. ಹೆಚ್ಚಿನ ಕಾಲ ರಾತ್ರಿ ಪಾಳಿಯಲ್ಲಿ, ಕ್ಯಾಜುವಾಲಿಟಿಯಲ್ಲಿ ಕಳೆದಿದ್ದೇನೆ. ಮನೆಯಲ್ಲಿ ಪೆಟ್ಟು ತಿಂದ ಹೆಂಗಸು ಯಾವಾಗ ಆ ರಾತ್ರಿಯೇ ಆಸ್ಪತ್ರೆಗೆ ಹೊರಡಬೇಕು, ಯಾವಾಗ ಬೆಳಗಿನವರೆಗೆ ಕಾಯಬಹುದು, ಅದನ್ನು ತೀರ್ಮಾನಿಸುವುದು ಹೇಗೆ, ಇಷ್ಟೇ ನನ್ನ ಮಾತು.

ಮಗುವಿಗೆ ಜ್ವರ ಏರಿ ಸೆಳೆತ ಬಂದರೆ ಯಾರೂ ಯೋಚಿಸುತ್ತಾ ಕೂರುವುದಿಲ್ಲ. ಮಾವನಿಗೆ ಎದೆನೋವು ಎಂದರೆ ಐದು ನಿಮಿಷಕ್ಕೆ ಜೀಪು ಹೊರಡುತ್ತದೆ. ಸೊಸೆ ಪೆಟ್ಟು ತಿಂದು ಮೂಲೆಯಲ್ಲಿ ಬಿದ್ದಿದ್ದರೆ ಮಾತ್ರ ಮನೆಯಲ್ಲಿ ಸಭೆ ಸೇರುತ್ತದೆ. ಯಾರು ಕೇಳಿದರೆ ಏನು ಹೇಳುವುದು? ಪೊಲೀಸು ಕೇಸಾದರೆ? ಅವಳ ತವರಿನವರಿಗೆ ಗೊತ್ತಾದರೆ? ಅವನು ಈಗ ಕುಡಿದಿದ್ದಾನೆ, ಬೆಳಗ್ಗೆ ಸರಿಹೋಗುತ್ತಾನೆ. ಮಳೆ ಬಿಡಲಿ. ಬೆಳಗಾಗಲಿ. ಇಷ್ಟೆಲ್ಲ ಆದ ಮೇಲೆ, ಅವಳಿಗೆ ಉಸಿರಾಡಲು ಆಗುತ್ತಿದೆಯೇ ಎಂದು ಯಾರಾದರೂ ನೋಡಿದರೆ ಅದು ಅವಳ ಪುಣ್ಯ. ಎಷ್ಟೋ ಸಲ ಆ ಸಭೆಯಲ್ಲಿ ಅವಳೂ ಇರುತ್ತಾಳೆ, ಅವಳ ಬಾಯಿಂದಲೂ ಇದೇ ಮಾತು ಬರುತ್ತದೆ.

ಕೊಡಗಿನಲ್ಲಿ ಹೀಗೆಲ್ಲ ಇಲ್ಲ ಎನ್ನುವವರಿದ್ದಾರೆ. ನಮ್ಮಲ್ಲಿ ಹೆಣ್ಣಿಗೆ ಗೌರವ ಜಾಸ್ತಿ, ನಮ್ಮ ಜನದಲ್ಲಿ ವರದಕ್ಷಿಣೆಯ ಪದ್ಧತಿಯೇ ಇಲ್ಲ ಎಂದು ಹೇಳುವುದನ್ನು ಕೇಳಿದ್ದೇನೆ. ಪದ್ಧತಿ ಇಲ್ಲದಿರುವುದು ಒಳ್ಳೆಯದೇ. ಆದರೆ ಕೈ ಎತ್ತುವವನಿಗೆ ವರದಕ್ಷಿಣೆಯೇ ಬೇಕೆಂದಿಲ್ಲ. ಸಾರಿಗೆ ಉಪ್ಪು ಹೆಚ್ಚಾದರೂ ಸಾಕು, ತೋಟದ ಸಂಬಳ ಕೈಗೆ ಕೊಡದಿದ್ದರೂ ಸಾಕು. 2019-20ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ನಮ್ಮ ರಾಜ್ಯದ 18ರಿಂದ 49 ವರ್ಷದ ವಿವಾಹಿತ ಹೆಂಗಸರಲ್ಲಿ ನೂರಕ್ಕೆ 44 ಮಂದಿ ಗಂಡನಿಂದ ಹಿಂಸೆ ಅನುಭವಿಸಿದ್ದಾಗಿ ಹೇಳಿದರು. ಐದು ವರ್ಷ ಹಿಂದಿನ ಸಮೀಕ್ಷೆಯಲ್ಲಿ ಅದು 20ರ ಹತ್ತಿರ ಇತ್ತು. ಹಿಂಸೆ ಹೆಚ್ಚಿತೋ, ಹೇಳುವ ಧೈರ್ಯ ಹೆಚ್ಚಿತೋ, ಎರಡೂ ಇರಬಹುದು. ಈ ಕೋಣೆಯಲ್ಲಿ ಕೂತವರ ತಲೆ ಎಣಿಸಿ, ಅರ್ಧಕ್ಕೆ ಸ್ವಲ್ಪ ಕಡಿಮೆ. ಅವರಲ್ಲಿ ಲೈನ್ ಮನೆಯವರೂ ಇರುತ್ತಾರೆ, ದೊಡ್ಡ ಮನೆಯವರೂ ಇರುತ್ತಾರೆ.

ಮೊದಲು ಒಂದು ಗಂಟು ಬಿಚ್ಚೋಣ. ಆಸ್ಪತ್ರೆಗೆ ಹೋಗುವುದು ಬೇರೆ, ಗಂಡನ ಮೇಲೆ ದೂರು ಕೊಡುವುದು ಬೇರೆ. ನಮ್ಮ ತಲೆಯಲ್ಲಿ ಇವೆರಡೂ ಒಂದೇ ಹಗ್ಗದಲ್ಲಿ ಕಟ್ಟಿಕೊಂಡಿವೆ. ಅದಕ್ಕೇ ಕಾಲು ಹೊಸ್ತಿಲು ದಾಟುವುದಿಲ್ಲ. ಹೊಡೆತದ ಗಾಯ ಎಂದು ತಿಳಿದಾಗ ಆಸ್ಪತ್ರೆಯವರು ಎಂಎಲ್‌ಸಿ ಎಂದು ಪುಸ್ತಕದಲ್ಲಿ ಬರೆಯುತ್ತಾರೆ, ಠಾಣೆಗೆ ಮಾಹಿತಿ ಕಳುಹಿಸುತ್ತಾರೆ. ಅದನ್ನು ನಾನು ಮುಚ್ಚಿಡುವುದಿಲ್ಲ. ಪೊಲೀಸರು ಬಂದು ಕೇಳಬಹುದು. ಆಗ ಏನು ಹೇಳಬೇಕು, ದೂರು ಕೊಡಬೇಕೋ ಬೇಡವೋ ಎನ್ನುವುದನ್ನು ನಾಳೆ, ನಾಡಿದ್ದು, ಗುಂಪಿನವರ ಜೊತೆ ಕೂತು ಯೋಚಿಸಬಹುದು. ಮೆದುಳಿನಲ್ಲಿ ರಕ್ತ ಕಟ್ಟಿದ್ದರೆ ಅದು ನಾಡಿದ್ದರವರೆಗೆ ಕಾಯುವುದಿಲ್ಲ.

ಪೊಲೀಸ್ ಚೀಟಿ ತಂದರೆ ಮಾತ್ರ ಮುಟ್ಟುತ್ತೇವೆ ಎಂದು ಯಾರಾದರೂ ಹೇಳಿದರೆ ಒಪ್ಪಬೇಡಿ. 1989ರಲ್ಲೇ ಪರಮಾನಂದ ಕಟಾರ ಎನ್ನುವವರ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ಇದನ್ನು ಇತ್ಯರ್ಥ ಮಾಡಿದೆ: ಮೊದಲು ಜೀವ ಉಳಿಸಬೇಕು, ಕಾಗದಪತ್ರ ಆಮೇಲೆ. ಸರ್ಕಾರಿ ವೈದ್ಯರಿಗೂ ಖಾಸಗಿ ವೈದ್ಯರಿಗೂ ಇದು ಅನ್ವಯ. ಕೌಟುಂಬಿಕ ಹಿಂಸೆಯಿಂದ ಮಹಿಳೆಯರ ರಕ್ಷಣೆಯ 2005ರ ಕಾಯ್ದೆ ಜಾರಿಗೆ ಬಂದದ್ದು 2006ರ ಅಕ್ಟೋಬರಿನಲ್ಲಿ. ಅದರ 7ನೇ ಕಲಮಿನಲ್ಲೂ, ನೊಂದ ಹೆಂಗಸು ಕೇಳಿದಾಗ ಆಸ್ಪತ್ರೆ ಚಿಕಿತ್ಸೆ ಕೊಡಲೇಬೇಕು ಎಂದಿದೆ. ದೂರು ದಾಖಲಾಗಿಲ್ಲ ಎಂಬ ಕಾರಣಕ್ಕೆ ಯಾರೂ ವಾಪಸು ಕಳುಹಿಸುವಂತಿಲ್ಲ.

ಇನ್ನೊಂದು ಮಾತು ನಮ್ಮ ಜಿಲ್ಲೆಗೇ ಸೇರಿದ್ದು. ಪೇಟೆಯ ಹೆಂಗಸಿಗೆ ಆಸ್ಪತ್ರೆ ಹತ್ತು ನಿಮಿಷದ ದಾರಿ. ಅವಳು ಒಂದು ಗಂಟೆ ಕಾದು ನೋಡಬಹುದು. ಕುಟ್ಟದ ಕಡೆಯ ತೋಟದಿಂದ ಮಡಿಕೇರಿ ಮುಟ್ಟಲು ಎಷ್ಟು ಹೊತ್ತು ಬೇಕು, ನಿಮಗೇ ಗೊತ್ತು. ಮಡಿಕೇರಿಯ ಜಿಲ್ಲಾ ಆಸ್ಪತ್ರೆ ಈಗ 2016ರಲ್ಲಿ ಶುರುವಾದ ವೈದ್ಯಕೀಯ ಕಾಲೇಜಿನ ಬೋಧಕ ಆಸ್ಪತ್ರೆ. ಹಾಗಿದ್ದರೂ ತಲೆಗೆ ದೊಡ್ಡ ಪೆಟ್ಟು ಬಿದ್ದವರನ್ನು ಮೈಸೂರಿಗೋ ಮಂಗಳೂರಿಗೋ ಸಾಗಿಸಿದ್ದನ್ನು ನಾವೆಲ್ಲ ಕಂಡಿದ್ದೇವೆ. ಮೈಸೂರು ಎಂದರೆ ಮತ್ತೆ 120 ಕಿಲೋಮೀಟರು. 2018ರ ಆಗಸ್ಟಿನಲ್ಲಿ ಜೋಡುಪಾಲದ ಕಡೆ ಗುಡ್ಡ ಕುಸಿದಾಗ ಮಂಗಳೂರಿನ ರಸ್ತೆಯೇ ಇಲ್ಲದಂತಾಯಿತು. 2019ರ ಜೂನಿನಲ್ಲಿ ಕೊಡಗಿಗೊಂದು ತುರ್ತು ಚಿಕಿತ್ಸೆಯ ದೊಡ್ಡ ಆಸ್ಪತ್ರೆ ಬೇಕು ಎಂದು ನಮ್ಮ ಹುಡುಗರು ಹುಡುಗಿಯರು ಟ್ವಿಟರಿನಲ್ಲಿ ಎಬ್ಬಿಸಿದ ಕೂಗು ನೆನಪಿದೆಯಲ್ಲ? ಆಗಿನ ಮುಖ್ಯಮಂತ್ರಿ ಕುಮಾರಸ್ವಾಮಿಯವರು ಅದಕ್ಕೆ ಉತ್ತರ ಕೊಡಬೇಕಾಯಿತು. ಆ ಕೂಗಿನ ಹಿಂದೆ ಇದ್ದದ್ದು ದಾರಿಯಲ್ಲೇ ತೀರಿಹೋದವರ ನೆನಪು. ಆದ್ದರಿಂದ ನಾವು ತೀರ್ಮಾನ ಮಾಡುವಾಗ ರಸ್ತೆಯ ಹೊತ್ತನ್ನೂ ಸೇರಿಸಿ ಲೆಕ್ಕ ಹಾಕಬೇಕು. ಪೇಟೆಯವಳು ಯಾವ ಲಕ್ಷಣ ಕಂಡಾಗ ಏಳುತ್ತಾಳೋ, ನಾವು ಅದಕ್ಕೆ ಮೊದಲೇ ಏಳಬೇಕು. ಆಷಾಢದ ಮಳೆಯಲ್ಲಿ ಇನ್ನೂ ಮೊದಲೇ.

ಈಗ ಲಕ್ಷಣಗಳಿಗೆ ಬರೋಣ. ಎಲ್ಲಕ್ಕಿಂತ ಮೊದಲು ಕುತ್ತಿಗೆಯ ವಿಷಯ ಹೇಳುತ್ತೇನೆ. ಯಾಕೆಂದರೆ ನಾವು ಅತಿ ಹಗುರವಾಗಿ ತೆಗೆದುಕೊಳ್ಳುವುದು ಇದನ್ನೇ. "ಸ್ವಲ್ಪ ಕುತ್ತಿಗೆ ಹಿಡಿದ ಸಿಸ್ಟರ್, ಅಷ್ಟೇ" ಎನ್ನುತ್ತಾರೆ. ಕೈ ಮುರಿದಿದ್ದಕ್ಕೆ ಬಂದಿರುತ್ತಾರೆ, ಕುತ್ತಿಗೆಯ ಮಾತು ಕೇಳಿದರೆ ಮಾತ್ರ ಹೊರಬರುತ್ತದೆ. ಕೈಯಿಂದಾಗಲಿ, ಸೀರೆಯ ಸೆರಗಿನಿಂದಾಗಲಿ, ಮೊಬೈಲ್ ಚಾರ್ಜರಿನ ವೈರಿನಿಂದಾಗಲಿ ಕುತ್ತಿಗೆ ಬಿಗಿದರೆ ಮೆದುಳಿಗೆ ಹೋಗುವ ರಕ್ತ ನಿಲ್ಲುತ್ತದೆ. ಕೆಲವೇ ಸೆಕೆಂಡಿನಲ್ಲಿ ಪ್ರಜ್ಞೆ ತಪ್ಪುತ್ತದೆ. ಬಿಟ್ಟ ಮೇಲೆ ಎದ್ದು ಕೂರುತ್ತಾಳೆ, ಮಾತಾಡುತ್ತಾಳೆ, ಒಲೆ ಹಚ್ಚಿ ಕಾಫಿಯನ್ನೂ ಮಾಡುತ್ತಾಳೆ. ಹೊರಗೆ ಎಷ್ಟೋ ಸಲ ಒಂದು ಗೀರೂ ಇರುವುದಿಲ್ಲ. ಕಪ್ಪು ಮೈಬಣ್ಣದವರಲ್ಲಿ ಇದ್ದರೂ ಕಾಣುವುದಿಲ್ಲ. ಆದರೆ ಒಳಗೆ ಗಂಟಲು ನಿಧಾನವಾಗಿ ಊದಿಕೊಂಡು ಕೆಲವು ಗಂಟೆಗಳ ಮೇಲೆ ಉಸಿರಿನ ದಾರಿ ಮುಚ್ಚಬಹುದು. ಕುತ್ತಿಗೆಯ ರಕ್ತನಾಳದ ಒಳಪದರ ಹರಿದಿದ್ದರೆ ಅಲ್ಲಿ ರಕ್ತ ಹೆಪ್ಪುಗಟ್ಟಿ ಕೆಲವು ದಿನಗಳ ಮೇಲೆ ಲಕ್ವ ಹೊಡೆಯಬಹುದು. ಚಿಕ್ಕ ವಯಸ್ಸಿನ ಹೆಂಗಸಿಗೆ ಇದ್ದಕ್ಕಿದ್ದಂತೆ ಒಂದು ಬದಿ ಬಿದ್ದುಹೋದರೆ ದೇವರ ಕೋಪ ಎನ್ನುವ ಮೊದಲು ಕಳೆದ ವಾರ ಮನೆಯಲ್ಲಿ ಏನಾಗಿತ್ತು ಎಂದು ಕೇಳಬೇಕು.

ಏನನ್ನು ನೋಡಬೇಕು? ಧ್ವನಿ ಬದಲಾಗಿದೆಯೇ, ಗೊಗ್ಗರಾಗಿದೆಯೇ? ನೀರು ನುಂಗಲು ಕಷ್ಟವೇ? ಕಣ್ಣಿನ ಬಿಳಿಯಲ್ಲಿ, ರೆಪ್ಪೆಯ ಒಳಗೆ ಸೂಜಿಮೊನೆಯಂಥ ಕೆಂಪು ಚುಕ್ಕೆಗಳಿವೆಯೇ? ಆ ಹೊತ್ತಿನಲ್ಲಿ ಸೀರೆ ಒದ್ದೆಯಾಯಿತೇ? ನಾಚಿಕೆಪಟ್ಟು ಇದನ್ನು ಯಾರೂ ಹೇಳುವುದಿಲ್ಲ, ಆದರೆ ತಿಳಿಯದೆ ಮೂತ್ರ ಹೋಗಿದ್ದರೆ ಪ್ರಜ್ಞೆ ತಪ್ಪಿತ್ತು ಎಂದೇ ಲೆಕ್ಕ. ನಡುವೆ ಏನಾಯಿತೆಂದು ನೆನಪಿಲ್ಲವೇ? ಇವುಗಳಲ್ಲಿ ಒಂದಿದ್ದರೂ ಆ ರಾತ್ರಿಯೇ ಹೊರಡಿ. ಒಂದೂ ಇಲ್ಲ, ಆದರೆ ಉಸಿರು ಕಟ್ಟಿತ್ತು, ಕಣ್ಣು ಕತ್ತಲಿಟ್ಟಿತ್ತು ಎಂದರೂ ಹೊರಡಿ. ಅಮೆರಿಕದಲ್ಲಿ ನಡೆದ ಅಧ್ಯಯನವೊಂದು, ಕುತ್ತಿಗೆ ಹಿಸುಕಿಸಿಕೊಂಡ ಹೆಂಗಸು ಮುಂದೆ ಅದೇ ಗಂಡಸಿನ ಕೈಯಲ್ಲಿ ಕೊಲೆಯಾಗುವ ಸಂಭವ ಹಲವು ಪಟ್ಟು ಹೆಚ್ಚು ಎಂದು ತೋರಿಸಿದೆ. ನನಗೆ ಅದನ್ನು ಓದಿ ಆಶ್ಚರ್ಯವಾಗಲಿಲ್ಲ. ಅಂಥವಳನ್ನು ಅದೇ ಕೋಣೆಗೆ ವಾಪಸು ಕಳುಹಿಸುವ ಮೊದಲು ಗುಂಪಿನವರು ಒಮ್ಮೆ ಕೂತು ಮಾತಾಡಲೇಬೇಕು.

ತಲೆಯ ಪೆಟ್ಟಿಗೂ ಇದೇ ಮೋಸದ ಗುಣ ಇದೆ. ಗೋಡೆಗೆ ಬಡಿದ ತಲೆ ಮೊದಲು ಚೆನ್ನಾಗಿಯೇ ಇದ್ದು, ಮೂರು ನಾಲ್ಕು ಗಂಟೆಯ ಮೇಲೆ ಕೆಡಬಹುದು. ಮತ್ತೆ ಮತ್ತೆ ವಾಂತಿ, ಏರುತ್ತಲೇ ಹೋಗುವ ತಲೆನೋವು, ತೊದಲು ಮಾತು, ಒಂದು ಕೈ ಅಥವಾ ಕಾಲಿನಲ್ಲಿ ಶಕ್ತಿ ಇಲ್ಲದಿರುವುದು, ಕಿವಿ ಮೂಗಿನಿಂದ ರಕ್ತ ಅಥವಾ ನೀರಿನಂಥದ್ದು ಸೋರುವುದು, ಸೆಳೆತ, ಸ್ವಲ್ಪ ಹೊತ್ತಾದರೂ ಪ್ರಜ್ಞೆ ತಪ್ಪಿದ್ದು, ಎರಡು ಕಣ್ಣಿನ ಪಾಪೆ ಒಂದೇ ಅಳತೆ ಇಲ್ಲದಿರುವುದು, ಇವು ಯಾವುದಕ್ಕೂ ಬೆಳಗಿನವರೆಗೆ ಕಾಯುವಂತಿಲ್ಲ. ಈ ಯಾವುದೂ ಇಲ್ಲದಿದ್ದರೂ ಆ ರಾತ್ರಿ ಅವಳನ್ನು ಒಬ್ಬಳೇ ಮಲಗಲು ಬಿಡಬೇಡಿ. ಗಂಟೆ ಎರಡು ಗಂಟೆಗೊಮ್ಮೆ ಎಬ್ಬಿಸಿ, ಮಕ್ಕಳ ಹೆಸರು ಕೇಳಿ. ಎಬ್ಬಿಸಲು ಆಗದಿದ್ದರೆ ಅದು ನಿದ್ದೆಯಲ್ಲ. ಇನ್ನೊಂದು ಮಾತು, ಕೋಪ ಮಾಡಿಕೊಳ್ಳಬೇಡಿ. ಲೈನ್ ಮನೆಗಳಲ್ಲಿ ಅವಳೂ ಒಂದು ಗುಟುಕು ಕುಡಿದಿರಬಹುದು. "ಕುಡಿದು ಬಿದ್ದಿದ್ದಾಳೆ, ಇಳಿದ ಮೇಲೆ ಏಳುತ್ತಾಳೆ" ಎಂದು ಮೇಸ್ತ್ರಿ ಹೇಳುತ್ತಾನೆ, ರೈಟರೂ ಹೌದೆನ್ನುತ್ತಾನೆ. ಕುಡಿದವಳ ತಲೆಗೂ ಪೆಟ್ಟಾಗುತ್ತದೆ. ಕುಡಿದಿದ್ದಾಳೆ ಎನ್ನುವುದು ಇನ್ನೂ ಬೇಗ ಕರೆದೊಯ್ಯಲು ಕಾರಣ, ಯಾಕೆಂದರೆ ಯಾವುದು ಅಮಲು, ಯಾವುದು ಗಾಯ ಎಂದು ನಿಮಗೆ ಹೇಳಲು ಬರುವುದಿಲ್ಲ, ನನಗೂ ಬರುವುದಿಲ್ಲ. ಸ್ಕ್ಯಾನ್ ಮಾಡಿಯೇ ನೋಡಬೇಕು.

ಹೊಟ್ಟೆಗೆ ಒದ್ದಿದ್ದರೆ ಹೊಟ್ಟೆ ಗಟ್ಟಿಯಾಗಿದೆಯೇ, ಮುಖ ಬಿಳಿಚಿದೆಯೇ, ಎದ್ದರೆ ತಲೆ ಸುತ್ತುತ್ತದೆಯೇ, ಮೂತ್ರದಲ್ಲಿ ರಕ್ತವಿದೆಯೇ ನೋಡಿ. ಎಡಭುಜದಲ್ಲಿ ಕಾರಣವಿಲ್ಲದ ನೋವು ಬಂದರೆ ಒಳಗೆ ರಕ್ತಸ್ರಾವ ಇರಬಹುದು. ಬಸುರಿಯಾದರೆ ಈ ಪರೀಕ್ಷೆಯೇ ಬೇಡ. ಐದು ತಿಂಗಳು ದಾಟಿದವಳ ಹೊಟ್ಟೆಗೆ ಪೆಟ್ಟು ಬಿದ್ದರೆ, ಬಿದ್ದರೂ ಸರಿ ಬೀಳಿಸಿದರೂ ಸರಿ, ರಕ್ತ ಹೋಗದಿದ್ದರೂ ಹೋಗಿ ತೋರಿಸಿ. ಮಾಸು ಗೋಡೆಯಿಂದ ಕಳಚಿಕೊಂಡು ರಕ್ತ ಒಳಗೇ ತುಂಬಿಕೊಳ್ಳುವುದುಂಟು. ಹೊರಗೆ ಒಂದು ಹನಿಯೂ ಕಾಣುವುದಿಲ್ಲ. ಹೊಟ್ಟೆ ಬಿಗಿಯುವುದು, ಮಗುವಿನ ಅಲುಗಾಟ ಕಡಿಮೆಯಾಗುವುದು ಇದ್ದರೆ ಚಪ್ಪಲಿ ಹುಡುಕುತ್ತಾ ನಿಲ್ಲಬೇಡಿ. ತಾಯಿ ಕಾರ್ಡ್ ಕೈಗೆ ಸಿಕ್ಕಿದರೆ ತೆಗೆದುಕೊಳ್ಳಿ, ಸಿಗದಿದ್ದರೆ ಬಿಡಿ.

ಪೆಟ್ಟಿನ ಮಾತು ಇಷ್ಟಾಯಿತು. ಜಗಳವಾದ ರಾತ್ರಿ ನಡೆಯುವ ಇನ್ನೊಂದು ಸಂಗತಿ ಇದೆ. ತೋಟದ ಮನೆಗಳಲ್ಲಿ ಕಳೆನಾಶಕ, ಕೀಟನಾಶಕ ಕೈಗೆಟಕುವಲ್ಲೇ ಇರುತ್ತವೆ. ಯಾರಾದರೂ ಕುಡಿದಿದ್ದಾರೆಂಬ ಸಂಶಯ ಬಂದರೆ ಉಪ್ಪುನೀರು, ಹುಣಸೆನೀರು ಕುಡಿಸಿ ವಾಂತಿ ಮಾಡಿಸಬೇಡಿ. ಬಾಟಲಿಯನ್ನು ಜೊತೆಗೆ ತನ್ನಿ, ಚೀಟಿ ನೋಡಿದರೆ ವೈದ್ಯರಿಗೆ ಅರ್ಧ ಕೆಲಸ ಆದಂತೆ. ಪ್ಯಾರಾಕ್ವಾಟ್ ಎಂಬ ಕಳೆನಾಶಕ ಒಳಗೆ ಹೋದವರು ಮೊದಲ ದಿನ ನಡೆದಾಡಿಕೊಂಡು, ಮಾತಾಡಿಕೊಂಡು ಇರುತ್ತಾರೆ. ಮೂತ್ರಪಿಂಡ, ಶ್ವಾಸಕೋಶ ಕೆಡುವುದು ಆಮೇಲೆ. "ಚೆನ್ನಾಗಿಯೇ ಇದ್ದಾಳಲ್ಲ" ಎಂದು ಉಳಿಸಿಕೊಂಡರೆ ಹೋದ ಹೊತ್ತು ಮತ್ತೆ ಬರುವುದಿಲ್ಲ. ಆತ್ಮಹತ್ಯೆಯ ಪ್ರಯತ್ನ ಎಂದು ಅವಳ ಮೇಲೇ ಕೇಸು ಹಾಕುತ್ತಾರೆ ಎಂಬ ಹೆದರಿಕೆ ಇತ್ತು. 2017ರ ಮಾನಸಿಕ ಆರೋಗ್ಯ ಕಾಯ್ದೆ, ಅಂಥವರು ತೀವ್ರ ಒತ್ತಡದಲ್ಲಿದ್ದರೆಂದೇ ತಿಳಿಯಬೇಕು, ಶಿಕ್ಷಿಸುವಂತಿಲ್ಲ ಎಂದು ಹೇಳುತ್ತದೆ. ಬದುಕು ಬೇಡ ಎನಿಸಿದವಳಿಗೆ ಅವಳ ಪಕ್ಕದಲ್ಲಿ ಯಾರಾದರೂ ಕೂರಬೇಕು. ಫೋನಿನಲ್ಲಿ ಮಾತಾಡಲು 14416, ಟೆಲಿ ಮನಸ್ ಎಂಬ ಸರ್ಕಾರದ ಸೇವೆ ಇದೆ, ಹಣ ಬೇಡ, ಹಗಲು ರಾತ್ರಿ ಎರಡೂ ಹೊತ್ತು.

ಸುಟ್ಟಗಾಯದ ಬಗ್ಗೆ ಚಿಕ್ಕದಾಗಿ. ಇಪ್ಪತ್ತು ನಿಮಿಷ ಹರಿಯುವ ತಣ್ಣೀರು, ಆಮೇಲೆ ಶುಭ್ರ ಬಟ್ಟೆ, ಅಷ್ಟೇ. ತುಪ್ಪ, ಟೂತ್‌ಪೇಸ್ಟು, ಶಾಯಿ, ನಮ್ಮ ಕಾಫಿಪುಡಿ ಯಾವುದೂ ಬೇಡ. ಮುಖ, ಕೈ, ಗುಪ್ತಾಂಗ ಸುಟ್ಟಿದ್ದರೆ, ಅಂಗೈಗಿಂತ ದೊಡ್ಡ ಗಾಯವಾಗಿದ್ದರೆ, ಹೊಗೆ ಕುಡಿದು ಧ್ವನಿ ಕೆಟ್ಟಿದ್ದರೆ ಆಸ್ಪತ್ರೆಗೆ. ತೊಂಬತ್ತರ ದಶಕದಲ್ಲಿ ಬೆಂಗಳೂರಿನ ವಿಮೋಚನಾ ಸಂಘಟನೆಯ ಮಹಿಳೆಯರು ವಿಕ್ಟೋರಿಯಾ ಆಸ್ಪತ್ರೆಯ ಸುಟ್ಟಗಾಯಗಳ ವಾರ್ಡಿನಲ್ಲಿ ಹಾಸಿಗೆ ಹಾಸಿಗೆಯ ಬಳಿ ಹೋಗಿ ಕೂತರು. ಪುಸ್ತಕದಲ್ಲಿ "ಸ್ಟೌ ಸಿಡಿದದ್ದು" ಎಂದು ಬರೆದಿದ್ದ ಕಡೆಯೆಲ್ಲ ನಿಜವಾಗಿ ಏನಾಗಿತ್ತೆಂದು ಕೇಳಿದರು. ಅವರು ಕೇಳಿದ್ದರಿಂದಲೇ ಎಷ್ಟೋ ಸಾವುಗಳ ಸತ್ಯ ಹೊರಗೆ ಬಂತು.

ಬಲಾತ್ಕಾರವಾಗಿದ್ದರೆ, ಮಾಡಿದವನು ಯಾರೇ ಆಗಿರಲಿ, 72 ಗಂಟೆಯೊಳಗೆ ಬರಬೇಕು. ಗರ್ಭ ತಡೆಯುವ ಮಾತ್ರೆ, ಎಚ್‌ಐವಿ ತಡೆಯುವ ಔಷಧಿ ಎರಡೂ ಬೇಗ ಕೊಟ್ಟಷ್ಟು ಚೆನ್ನಾಗಿ ಕೆಲಸ ಮಾಡುತ್ತವೆ. ಸ್ನಾನ ಮಾಡಿಬಿಟ್ಟಿದ್ದರೂ ಬನ್ನಿ. ಅತ್ಯಾಚಾರಕ್ಕೆ ಒಳಗಾದವರಿಗೆ, ಆಸಿಡ್ ದಾಳಿಗೆ ಒಳಗಾದವರಿಗೆ ಯಾವ ಆಸ್ಪತ್ರೆಯೇ ಆದರೂ ಕೂಡಲೇ, ಹಣವಿಲ್ಲದೆ ಚಿಕಿತ್ಸೆ ಕೊಡಬೇಕೆಂದು 2013ರಿಂದ ಕಾನೂನೇ ಇದೆ. ಗಂಡನೇ ಮಾಡಿದ್ದನ್ನು ನಮ್ಮ ದಂಡ ಕಾನೂನು ಇನ್ನೂ ಅತ್ಯಾಚಾರ ಎಂದು ಒಪ್ಪಿಲ್ಲ. 2005ರ ಕಾಯ್ದೆ ಮಾತ್ರ ಅದನ್ನು ಕೌಟುಂಬಿಕ ಹಿಂಸೆ ಎಂದು ಒಪ್ಪಿದೆ. ಗಾಯಕ್ಕೆ ಈ ವ್ಯತ್ಯಾಸ ತಿಳಿಯುವುದಿಲ್ಲ.

ಎಲ್ಲ ಪೆಟ್ಟಿಗೂ ರಾತ್ರಿ ಓಡಬೇಕು ಎಂದು ನಾನು ಹೇಳುತ್ತಿಲ್ಲ. ಬೆನ್ನಿನ ಮೇಲೆ ಬಾಸುಂಡೆ, ತೋಳು ಕಂದಿದ್ದು, ರಕ್ತ ನಿಂತ ಸಣ್ಣ ಗಾಯ, ಇವಕ್ಕೆ ತಣ್ಣೀರು ಬಟ್ಟೆ ಹಾಕಿ ಬೆಳಗ್ಗೆ ಹತ್ತಿರದ ಆರೋಗ್ಯ ಕೇಂದ್ರಕ್ಕೆ ಹೋಗಬಹುದು. ಹೋಗುವುದು ಮಾತ್ರ ಹೋಗಿ, ಬರೆಸಿಕೊಳ್ಳಿ. ಅದು ಎರಡು ದಿನಕ್ಕೆ ಮಾಸಿಹೋಗುತ್ತದೆ. ಮುಂದೊಂದು ದಿನ ರಕ್ಷಣಾ ಆದೇಶ ಕೇಳಬೇಕಾದಾಗ ಆ ಚೀಟಿಯೇ ಮಾತಾಡುತ್ತದೆ.

ಆಸ್ಪತ್ರೆ ಮುಟ್ಟಿದ ಮೇಲೆ ನಡೆಯುವುದು ನನಗೆ ಬಾಯಿಪಾಠ. "ಏನಾಯಿತಮ್ಮ?" "ಬಚ್ಚಲಲ್ಲಿ ಜಾರಿ ಬಿದ್ದೆ." ಉತ್ತರ ಕೊಡುವುದು ಬಹಳ ಸಲ ಅವಳಲ್ಲ, ಪಕ್ಕದಲ್ಲಿ ನಿಂತ ಗಂಡ. ಜಾರಿ ಬಿದ್ದವಳ ಮೊಣಕೈ, ಸೊಂಟ ನೋಡುತ್ತಾರೆ. ಕುತ್ತಿಗೆ ಹಿಸುಕಿದ್ದಾರೆಂದು ಗೊತ್ತಿದ್ದರೆ ಮಾತ್ರ ವೈದ್ಯರು ಗಂಟಲು ನೋಡುತ್ತಾರೆ, ರಕ್ತನಾಳದ ಸ್ಕ್ಯಾನ್ ಬಗ್ಗೆ ಯೋಚಿಸುತ್ತಾರೆ. ನಿಜ ಹೇಳುವುದು ಕೋರ್ಟಿಗಾಗಿ ಎಂದು ನಾವು ತಿಳಿದಿದ್ದೇವೆ. ಅದು ಮೊದಲು ಬೇಕಾಗಿರುವುದು ಚಿಕಿತ್ಸೆಗೆ. ಗಂಡ ಕದಲದಿದ್ದರೆ "ಸಿಸ್ಟರ್, ಬಾತ್‌ರೂಮಿಗೆ ಹೋಗಬೇಕು" ಎನ್ನಿ. ಎಲ್ಲ ನರ್ಸುಗಳಿಗೂ ಅರ್ಥವಾಗದಿರಬಹುದು, ಬಹಳ ಮಂದಿಗೆ ಆಗುತ್ತದೆ. ನಾವು ಅವನನ್ನು ಚೀಟಿ ಮಾಡಿಸಲೋ ಔಷಧಿ ತರಲೋ ಕಳುಹಿಸುತ್ತೇವೆ. ಜೊತೆಗೆ ಹೋದ ಗುಂಪಿನವರಿಗೂ ಹೇಳುತ್ತೇನೆ, ಅವಳ ಪರವಾಗಿ ನೀವೇ ಕಥೆ ಹೇಳಬೇಡಿ. ಅವಳು ಹೇಳುವಂತೆ ಜಾಗ ಮಾಡಿಕೊಡಿ. ಸಹಾಯಕ್ಕೆ ಸಖಿ ಕೇಂದ್ರ ಎಲ್ಲಿದೆ, ಸಂರಕ್ಷಣಾಧಿಕಾರಿ ಯಾರು ಎಂದು ಅಲ್ಲೇ ಕೇಳಿ. 181ಕ್ಕೆ ಕರೆ ಮಾಡಿದರೂ ತಿಳಿಸುತ್ತಾರೆ.

ಇನ್ನು ಉಳಿದದ್ದು ಗಾಡಿ ಮತ್ತು ದುಡ್ಡು. ಇಲ್ಲಿ ನಿಮ್ಮ ಗುಂಪಿನ ಕೆಲಸ ಶುರು. 108ಕ್ಕೆ ಕರೆ ಮಾಡಿ, ಹೊಡೆತ ಇನ್ನೂ ನಡೆಯುತ್ತಿದ್ದರೆ 112ಕ್ಕೆ ಮಾಡಿ. ಆದರೆ ಮಳೆಗಾಲದಲ್ಲಿ ಕರೆಂಟು ಹೋದರೆ ಟವರೂ ಹೋಗುತ್ತದೆ ಎಂಬುದು ನಿಮಗೆ ನನಗಿಂತ ಚೆನ್ನಾಗಿ ಗೊತ್ತು. ಒಳಗಿನ ತೋಟದ ರಸ್ತೆಗೆ ಆಂಬ್ಯುಲೆನ್ಸ್ ಇಳಿಯುವುದೂ ಕಷ್ಟ. ಆದ್ದರಿಂದ ನಿಮ್ಮ ಊರಿನಲ್ಲಿ ರಾತ್ರಿ ಬಾಗಿಲು ತಟ್ಟಿದರೆ ಏಳುವ ಜೀಪಿನವರು ಇಬ್ಬರನ್ನು ಈಗಲೇ ಗೊತ್ತುಮಾಡಿ. ಆ ಹೆಂಗಸಿನ ಗಂಡನ ಕುಡಿತದ ಗೆಳೆಯ ಅವನಾಗಿರಬಾರದು, ಅಷ್ಟು ನೋಡಿಕೊಳ್ಳಿ. ಉಳಿತಾಯದ ಹಣದಲ್ಲಿ ಎರಡು ಮೂರು ಸಾವಿರ ರೂಪಾಯಿ ಬ್ಯಾಂಕಿಗೆ ಕಟ್ಟದೆ ಒಬ್ಬರ ಕೈಯಲ್ಲಿ ತುರ್ತಿಗೆಂದು ಇರಲಿ. ಅದನ್ನು ತೆಗೆಯಲು ಸಭೆ ಕರೆಯಬೇಕು, ಅರ್ಜಿ ಬೇಕು, ಗಂಡನ ಸಹಿ ಬೇಕು ಎಂಬ ನಿಯಮ ಯಾವ ಗುಂಪಿನಲ್ಲಾದರೂ ಇದ್ದರೆ ಇವತ್ತೇ ಬದಲಾಯಿಸಿ. ಇಬ್ಬರು ಸದಸ್ಯೆಯರು ಒಪ್ಪಿದರೆ ಸಾಕು, ಲೆಕ್ಕ ಮುಂದಿನ ವಾರ.

ಹಿಂದಿನ ಸಾಲಿನಲ್ಲಿ ಕೂತ ತಾಯಿಯೊಬ್ಬರು ಆಗಲೇ ಒಂದು ಪ್ರಶ್ನೆ ಕೇಳಿದರು, ಮಕ್ಕಳನ್ನು ಏನು ಮಾಡುವುದು ಎಂದು. ನನ್ನ ಪಟ್ಟಿಯಲ್ಲಿ ಅದು ಇರಲಿಲ್ಲ, ಆದರೆ ಹೆಂಗಸರು ಆಸ್ಪತ್ರೆಗೆ ಬಾರದಿರಲು, ಬಂದರೂ ಅರ್ಧದಲ್ಲೇ ಎದ್ದು ಹೋಗಲು ದೊಡ್ಡ ಕಾರಣ ಅದೇ. ಮಲಗಿದ ಮಕ್ಕಳನ್ನು ಅವನ ಬಳಿ ಬಿಟ್ಟು ಹೇಗೆ ಬರುವುದು? ಅದಕ್ಕೆ ನನ್ನಲ್ಲಿ ಉತ್ತರವಿಲ್ಲ, ನಿಮ್ಮಲ್ಲಿದೆ. ಜೀಪಿನವರ ಹೆಸರು ಬರೆಯುವ ಹಾಳೆಯಲ್ಲೇ, ಆ ರಾತ್ರಿ ಮಕ್ಕಳನ್ನು ಯಾರ ಮನೆಯಲ್ಲಿ ಮಲಗಿಸುವುದು ಎಂದೂ ಬರೆಯೋಣ. ಪೆನ್ನು ಯಾರ ಹತ್ತಿರ ಇದೆ?